ನಿಂತು ನೋಡುವ ಅಧಿಕಾರಿ



ಏಪ್ರಿಲ್ 14ರಿಂದ 20ರವರೆಗೆ ದೇಶದ ತುಂಬ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಈ ವಾರ ನಮ್ಮ ಅಗ್ನಿಶಾಮಕರು ಶಾಲೆಗಳಿಗೆ ಹೋಗಿ, ಸಿಲಿಂಡರಿನ ಬಾಯಿಗೆ ಬೆಂಕಿ ಹಚ್ಚಿ, ಹಸಿ ಗೋಣಿಚೀಲ ಹೊದಿಸಿ ಆರಿಸಿ ತೋರಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದೆಲ್ಲ ಬೇಕಾದದ್ದೇ. ಆದರೆ ಆ ಪ್ರಾತ್ಯಕ್ಷಿಕೆಯಲ್ಲಿ ಕಾಣಸಿಗದ ಒಂದು ಕೆಲಸವಿದೆ. ನಿಜವಾದ ಬೆಂಕಿಯ ಮುಂದೆ ಅದು ಕಂಡಾಗ ಜನರಿಗೆ ಸಿಟ್ಟು ಬರುತ್ತದೆ.

ಗಾಡಿ ಬಂದು ನಿಲ್ಲುತ್ತದೆ. ಹುಡುಗರು ಹೋಸ್ ಬಿಚ್ಚುತ್ತಾರೆ. ಠಾಣಾಧಿಕಾರಿ ಮಾತ್ರ ಕೈಯಲ್ಲಿ ಬೇರೇನೂ ಹಿಡಿಯದೆ, ವಾಕಿಟಾಕಿ ಒಂದನ್ನೇ ಹಿಡಿದು, ಮನೆಯ ಸುತ್ತ ನಡೆಯುತ್ತಾನೆ, ನಿಲ್ಲುತ್ತಾನೆ, ಮೇಲೆ ನೋಡುತ್ತಾನೆ. ಗುಂಪಿನಿಂದ ಒಬ್ಬರು ಕೂಗೇ ಕೂಗುತ್ತಾರೆ: “ಏನ್ರೀ ಸಾಹೇಬ್ರ, ಮನಿ ಸುಡಾಕತ್ತೈತಿ, ನೀವು ನೋಡ್ಕೋಂತ ನಿಂತೀರಲ್ಲ!” ಆ ಸಿಟ್ಟು ತಪ್ಪಲ್ಲ. ಸುಡುತ್ತಿರುವುದು ಅವರ ಮನೆ. ಆದರೆ ಆ ಹೊತ್ತಿನಲ್ಲಿ ಅಲ್ಲಿ ನಡೆಯುತ್ತಿರುವ ಅತಿ ದೊಡ್ಡ ಕೆಲಸ ಆ ನೋಡುವುದೇ. ಅವನೂ ಬ್ರಾಂಚ್, ಅಂದರೆ ಹೋಸಿನ ತುದಿಯ ನಳಿಕೆ, ಹಿಡಿದು ನೀರು ಹೊಡೆಯಲು ನಿಂತರೆ ಅಲ್ಲಿ ಒಬ್ಬ ಅಗ್ನಿಶಾಮಕ ಹೆಚ್ಚಾಗುತ್ತಾನೆ, ಅಧಿಕಾರಿ ಇಲ್ಲವಾಗುತ್ತಾನೆ. ಅವನು ಏನು ನೋಡುತ್ತಾನೆ, ಏನು ಲೆಕ್ಕ ಹಾಕುತ್ತಾನೆ, ಯಾಕೆ ಒಮ್ಮೊಮ್ಮೆ “ಒಳಗೆ ಹೋಗಬೇಡಿ” ಎನ್ನುತ್ತಾನೆ ಎಂಬುದನ್ನು ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಮನೆ, ಗಲ್ಲಿ, ಹೊಲಗಳನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಇಲಾಖೆಗೆ ಹೊಸದಾಗಿ ಸೇರಿದ ತರುಣ ಅಧಿಕಾರಿಗಳು ಕೇಳುತ್ತಿದ್ದರೆ, ಇದು ಅವರಿಗೂ ಹೇಳಿದ ಮಾತೇ.

ಇಳಕಲ್‌ನಿಂದ ಶುರು ಮಾಡೋಣ. ಒಂದು ನೇಕಾರರ ಮನೆ ಎಂದುಕೊಳ್ಳಿ. ಮುಂದಿನ ಪಡಸಾಲೆಯಲ್ಲಿ ಕುಣಿ ಮಗ್ಗ, ಗೋಡೆಗೆ ಹೊಂದಿಸಿಟ್ಟ ನೂಲಿನ ಲಡಿಗಳು, ಮೂಲೆಯಲ್ಲಿ ಹಾಸು, ಮಡಿಚಿಟ್ಟ ಸೀರೆಗಳು. ಒಳಗೆ ಅಡಿಗೆಮನೆ, ಅಲ್ಲಿ ಗ್ಯಾಸ್ ಸಿಲಿಂಡರ್. ಮೇಲೆ ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಬಾಗಿಲಿನಿಂದ ಹೊಗೆ ಬರುತ್ತಿದೆ.

ಅಧಿಕಾರಿ ಮೊದಲು ನೋಡುವುದು ಹೊಗೆಯನ್ನು. ತೆಳ್ಳಗೆ, ಸಾವಕಾಶ ಏಳುವ ಹೊಗೆ ಒಂದು ಸುದ್ದಿ ಹೇಳುತ್ತದೆ. ದಟ್ಟ ಕಪ್ಪು ಹೊಗೆ ಒಳಗಿನಿಂದ ಯಾರೋ ದೂಡಿದಂತೆ ನುಗ್ಗಿ ಬರುತ್ತಿದ್ದರೆ ಅದು ಬೇರೆಯೇ ಸುದ್ದಿ: ಒಳಗಿನ ಕಾವು ಏರಿದೆ, ಆ ಹೊಗೆಯೇ ಇನ್ನೂ ಸುಡದ ಇಂಧನ. ಮಾಳಿಗೆಯ ಕೆಳಗೆ ಕಾವು 500–600 ಡಿಗ್ರಿ ಮುಟ್ಟಿದಾಗ ಕೋಣೆಯಲ್ಲಿ ಇದ್ದದ್ದೆಲ್ಲ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಫ್ಲ್ಯಾಶ್‌ಓವರ್ ಎನ್ನುತ್ತೇವೆ. ಅದಾದ ಮೇಲೆ ಆ ಕೋಣೆಯಲ್ಲಿ ಯಾರೂ ಉಳಿಯುವುದಿಲ್ಲ, ಪೂರ್ತಿ ಉಡುಪು ತೊಟ್ಟ ಅಗ್ನಿಶಾಮಕನೂ ಸೆಕೆಂಡುಗಳಲ್ಲಿ ಹೊರಬೀಳಬೇಕು. ಇನ್ನೊಂದು ಸನ್ನಿವೇಶ ಇದಕ್ಕಿಂತ ಮೋಸದ್ದು. ಬಾಗಿಲು, ಕಿಟಕಿ ಎಲ್ಲ ಮುಚ್ಚಿವೆ. ಜ್ವಾಲೆ ಕಾಣುವುದಿಲ್ಲ. ಗಾಜು ಮಸಿ ಹಿಡಿದು ಬಿಸಿಯಾಗಿದೆ. ಬಾಗಿಲ ಸಂದಿಯಲ್ಲಿ ಹೊಗೆ ಹೊರಗೆ ಬಂದು ಮತ್ತೆ ಒಳಗೆ ಎಳೆದುಕೊಳ್ಳುತ್ತಿದೆ. ಒಳಗಿನ ಬೆಂಕಿ ಗಾಳಿ ಸಾಲದೆ ಕಾಯುತ್ತಿದೆ ಎಂದು ಇದರ ಅರ್ಥ. ಆಗ ಯಾರೋ ಧೈರ್ಯವಂತ ಬಾಗಿಲು ಒದ್ದು ತೆರೆದರೆ, ನುಗ್ಗಿದ ಗಾಳಿಗೆ ಹೊಗೆಯೆಲ್ಲ ಸ್ಫೋಟದ ಹಾಗೆ ಹೊತ್ತಿ ಅವನ ಮೇಲೇ ಬರುತ್ತದೆ. ಇದು ಬ್ಯಾಕ್‌ಡ್ರಾಫ್ಟ್. ಇಂಥಲ್ಲಿ ಮೊದಲು ಮೇಲಿನ ಬೆಳಕಿಂಡಿ ತೆರೆದು ಕಾವನ್ನು ಮೇಲಕ್ಕೆ ಬಿಡಬೇಕು, ನೀರು ತುಂಬಿದ ಹೋಸ್ ಬಾಗಿಲ ಪಕ್ಕದಲ್ಲಿ ಸಿದ್ಧವಾಗಿರಬೇಕು, ಆಮೇಲೆ ಬಾಗಿಲು. ನಮ್ಮ ಹಿರಿಯರು ಬೆಳಕಿಗೆಂದು ಬಿಟ್ಟ ಕಿಂಡಿ ಇಲ್ಲಿ ಜೀವ ಉಳಿಸುವ ದಾರಿಯಾಗುತ್ತದೆ. ಆದರೆ ಅದನ್ನು ತೆರೆಯಲು ಮಾಳಿಗೆ ಹತ್ತುವವನ ಕಾಲ ಕೆಳಗಿನ ಜಂತಿ ಗಟ್ಟಿ ಇದೆಯೇ? ಅದನ್ನೂ ಕೆಳಗೆ ನಿಂತವನೇ ನೋಡಿ ಹೇಳಬೇಕು.

ಮಣ್ಣಿನ ಮಾಳಿಗೆಯದು ಇನ್ನೊಂದು ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ ಭಾರ. ನಿಮಿಷಕ್ಕೆ 450 ಲೀಟರ್ ಬಿಡುವ ಒಂದು ಬ್ರಾಂಚ್ ಹತ್ತು ನಿಮಿಷ ಹೊಡೆದರೆ ನಾಲ್ಕೂವರೆ ಟನ್ ನೀರು ಆ ಮನೆಗೆ ಸೇರಿತು. ಅದರಲ್ಲಿ ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಹರಿದುಹೋಗುತ್ತದೆ, ಉಳಿದದ್ದನ್ನು ಮಣ್ಣು, ನೂಲಿನ ಪೆಂಡಿಗಳು, ಹಾಸಿಗೆಗಳು ಕುಡಿಯುತ್ತವೆ. ಕೆಳಗೆ ತೊಲೆ ಸುಟ್ಟು ಸಣ್ಣಗಾಗುತ್ತಿರುತ್ತದೆ, ಮೇಲೆ ಮಣ್ಣು ನೆನೆದು ಭಾರವಾಗುತ್ತಿರುತ್ತದೆ. ಬೆಂಕಿ ಅರ್ಧ ಆರಿದೆ ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೇ ಮಾಳಿಗೆ ಕುಸಿಯುತ್ತದೆ. ಹಾಗಾಗಿ ಗಡಿಯಾರ ನೋಡುವುದೂ ಅಧಿಕಾರಿಯ ಕೆಲಸವೇ: ಬೆಂಕಿ ಹತ್ತಿ ಎಷ್ಟು ಹೊತ್ತಾಯಿತು, ನಾವು ನೀರು ಹೊಡೆಯಲು ಶುರು ಮಾಡಿ ಎಷ್ಟು ಹೊತ್ತಾಯಿತು.

ಇನ್ನು ಕುಣಿ ಮಗ್ಗದ ಕುಣಿ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ನೆಲ ಹಿಡಿದು ಹರಿದು, ಎಲ್ಲಕ್ಕಿಂತ ತಗ್ಗಾದ ಜಾಗದಲ್ಲಿ ಮಡುಗಟ್ಟುತ್ತದೆ. ನೇಕಾರನ ಮನೆಯಲ್ಲಿ ಆ ತಗ್ಗು ಅವನು ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಯೇ. ಗಾಳಿಯಲ್ಲಿ ಅನಿಲ ಶೇ. 2ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮೇಲಾಗಿ ಹೊಗೆಯಲ್ಲಿ ಕಣ್ಣು ಕಾಣದೆ ನೆಲ ತಡವುತ್ತ ಹೋಗುವ ನಮ್ಮ ಹುಡುಗ ಆ ಕುಣಿಗೆ ಬೀಳಬಹುದು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಇದು ಯಾವ ತರಬೇತಿ ಪುಸ್ತಕದಲ್ಲೂ ಸಿಗುವುದಿಲ್ಲ. ಬೆಂಕಿ ಇಲ್ಲದ ದಿನ ಓಣಿಗಳಲ್ಲಿ ನಡೆದಾಡಿ, ಮಗ್ಗದ ಮನೆಗಳಲ್ಲಿ ಕೂತು ಚಹಾ ಕುಡಿದು ಕಲಿಯಬೇಕಾದ ಪಾಠ ಇದು.

ಈಗ ಹುನಗುಂದದ ಕಡೆ ಬನ್ನಿ. ಸುಗ್ಗಿ ಮುಗಿದು ಜೋಳದ ಕಣಕಿ ಬಣವಿಗಳು ಊರ ಮಗ್ಗುಲಿಗೆ ಸಾಲಾಗಿ ನಿಂತಿರುವ ಕಾಲ. ಒಂದು ಬಣವಿಗೆ ಬೆಂಕಿ ಬಿದ್ದಿದೆ. ಪಕ್ಕದಲ್ಲಿ ಇನ್ನೂ ನಾಲ್ಕು ಬಣವಿ, ಅದರಾಚೆ ದನದ ಕೊಟ್ಟಿಗೆ, ಅದರಾಚೆ ಮನೆಗಳು. ಬಂದಿರುವುದು ಒಂದೇ ಗಾಡಿ. ಸಾಮಾನ್ಯವಾಗಿ ಅದರ ತೊಟ್ಟಿಯಲ್ಲಿ ಇರುವುದು 4,500 ಲೀಟರ್ ಆಸುಪಾಸಿನ ನೀರು. ಒಂದು ಬ್ರಾಂಚ್ ಬಿಟ್ಟರೆ ಹತ್ತು ನಿಮಿಷ, ಎರಡು ಬಿಟ್ಟರೆ ಐದು ನಿಮಿಷ. ಮತ್ತೆ ತುಂಬಿಸಿಕೊಂಡು ಬರಲು ಹೊಳೆಗೋ ಕೆರೆಗೋ ತೋಟದ ಬಾವಿಗೋ ಹೋಗಿಬಂದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ.

ಈ ಲೆಕ್ಕ ಗೊತ್ತಿದ್ದವನು ಉರಿಯುವ ಬಣವಿಗೆ ನೀರು ಹೊಡೆಯುವುದಿಲ್ಲ. ಒತ್ತಿ ಒಟ್ಟಿದ ಕಣಕಿಯ ಒಳಗೆ ನೀರು ಇಳಿಯುವುದೇ ಇಲ್ಲ, ಮೇಲಿನಿಂದ ಜಾರಿ ನೆಲಕ್ಕೆ ಹೋಗುತ್ತದೆ, ಒಳಗೆ ಬೆಂಕಿ ಕೂತೇ ಇರುತ್ತದೆ. ಆ ಬಣವಿ ಹೋಯಿತು ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿ, ಗಾಳಿ ಬೀಸುವ ದಿಕ್ಕಿನ ಎರಡು ಬಣವಿಗಳನ್ನೂ ಕೊಟ್ಟಿಗೆಯ ಮಾಡನ್ನೂ ನೆನೆಸಿಡುತ್ತಾನೆ, ದನಗಳ ಕಣ್ಣಿ ಬಿಚ್ಚಿಸುತ್ತಾನೆ, ಊರಲ್ಲಿ ಜೆಸಿಬಿ ಯಾರ ಬಳಿ ಇದೆ ಎಂದು ಕೇಳುತ್ತಾನೆ. ಜೆಸಿಬಿ ಬಂದ ಮೇಲೆ ಸುಡುವ ಬಣವಿಯನ್ನು ಬಯಲಿಗೆ ಎಳೆದು ಹರವಿ, ಆಗ ಸ್ವಲ್ಪ ಸ್ವಲ್ಪ ನೀರಿನಲ್ಲಿ ಆರಿಸುತ್ತಾನೆ. ಆ ಬಣವಿಯ ಯಜಮಾನನಿಗೆ ಇದು ಅನ್ಯಾಯವೆಂದೇ ಕಾಣುತ್ತದೆ. ವರ್ಷದ ಮೇವು ಕಣ್ಣೆದುರು ಉರಿಯುತ್ತಿದೆ, ನೀರು ಮಾತ್ರ ಪಕ್ಕದವರ ಬಣವಿಗೆ ಬೀಳುತ್ತಿದೆ. ಆ ಬೈಗುಳ ತಿಂದು ನಿಲ್ಲುವುದೂ ಈ ಕೆಲಸದಲ್ಲಿ ಸೇರಿದೆ.

ಯಾವುದು ಮೊದಲು, ಯಾವುದು ಆಮೇಲೆ ಎಂಬ ಈ ಕ್ರಮವನ್ನು ಅಮೆರಿಕದ ಲಾಯ್ಡ್ ಲೇಮನ್ ಎಂಬ ಅಗ್ನಿಶಾಮಕ ಅಧಿಕಾರಿ 1953ರಲ್ಲಿ ಬೆಂಕಿ ಎದುರಿಸುವ ತಂತ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಸಾಲಾಗಿ ಜೋಡಿಸಿಟ್ಟ. ಮೊದಲು ಜೀವ ಉಳಿಸು. ಆಮೇಲೆ ಬೆಂಕಿ ಇನ್ನೂ ಮುಟ್ಟದ್ದನ್ನು ಕಾಪಾಡು. ಆಮೇಲೆ ಬೆಂಕಿಯನ್ನು ಇದ್ದಲ್ಲೇ ಕಟ್ಟಿಹಾಕು. ಆಮೇಲೆ ಆರಿಸು. ಕೊನೆಗೆ ಕೆದಕಿ ನೋಡು, ಒಳಗೆ ಕಿಡಿ ಉಳಿದಿದೆಯೇ ಎಂದು. ಹೊಗೆಗೆ ದಾರಿ ಮಾಡುವುದು ಮತ್ತು ಸಾಮಾನು ಉಳಿಸುವುದು ಎಂಬ ಇನ್ನೆರಡು ಕೆಲಸ ಬೇಕೆನಿಸಿದಾಗ ನಡುವೆ ಸೇರುತ್ತವೆ. ಆರಿಸುವುದು ಈ ಸಾಲಿನಲ್ಲಿ ನಾಲ್ಕನೆಯದು ಎಂಬುದನ್ನು ಗಮನಿಸಿ. ಜನ ಅದನ್ನೇ ಮೊದಲನೆಯದೆಂದು ತಿಳಿದಿರುತ್ತಾರೆ. ಕೆಲವೊಮ್ಮೆ ಅವಸರದಲ್ಲಿ ನಮ್ಮವರೂ ಹಾಗೆಯೇ ನಡೆದುಕೊಳ್ಳುತ್ತಾರೆ.

ಬಾದಾಮಿಯ ಊರೊಳಗೆ ಲೆಕ್ಕ ಬೇರೆ. ಎರಡು ಗುಡ್ಡಗಳ ಸೆರಗಿನಲ್ಲಿ, ಅಗಸ್ತ್ಯ ತೀರ್ಥವೆಂಬ ಹೊಂಡದ ಕಡೆ ಹೋಗುವ ಹಳೆಯ ಗಲ್ಲಿಗಳಲ್ಲಿ ಎರಡು ಬೈಕ್ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಮೊದಲು ಬಂದ ಗಾಡಿಯ ಚಾಲಕ ಅವಸರದಲ್ಲಿ ಅಂಥ ಗಲ್ಲಿಗೆ ನುಗ್ಗಿಸಿ ಸಿಕ್ಕಿಕೊಂಡರೆ, ಹಿಂದೆ ಬರುವ ಗಾಡಿ, ಆಂಬುಲೆನ್ಸ್ ಎಲ್ಲಕ್ಕೂ ದಾರಿ ಕಟ್ಟಿತು. ನೀರು ಮುಗಿದ ಮೇಲೆ ಆ ಗಾಡಿಯೂ ಹೊರಬರಲಾರದು. ಅದಕ್ಕೆ ಗಾಡಿಯನ್ನು ಗಲ್ಲಿಯ ಬಾಯಲ್ಲಿ ಪಕ್ಕಕ್ಕೆ ನಿಲ್ಲಿಸಿ, ಹೋಸ್ ಜೋಡಿಸುತ್ತ ನಡೆದು ಹೋಗಬೇಕು. 15 ಮೀಟರಿನ ಹತ್ತು ಹೋಸ್ ಸೇರಿದರೆ 150 ಮೀಟರ್. ಹೋಸ್ ಉದ್ದವಾದಷ್ಟೂ ಒತ್ತಡ ಇಳಿಯುತ್ತದೆ, ಅದನ್ನು ಪಂಪಿನ ಬಳಿ ಇರುವವನು ಸರಿದೂಗಿಸಬೇಕು. ಹೊಂಡದಿಂದ ನೀರು ಎತ್ತಬೇಕಾದರೆ ಪಂಪನ್ನು ದಂಡೆಯವರೆಗೆ ಒಯ್ಯುವ ದಾರಿ ಯಾವುದು, ಅಲ್ಲಿಂದ ಯಾವ ಓಣಿಗೆ ಎಷ್ಟು ಹೋಸ್ ಬೇಕು, ಇದನ್ನೆಲ್ಲ ಬೇಸಿಗೆಯ ಮೊದಲೇ ಒಮ್ಮೆ ಅಳೆದು ಬರೆದಿಟ್ಟಿರಬೇಕು. ಬಾಗಲಕೋಟೆಯ ನವನಗರದಲ್ಲಿ ಈ ತೊಂದರೆ ಇಲ್ಲ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ಅದು. ಸೆಕ್ಟರ್‌ಗಳಾಗಿ ಹಂಚಿದ ಅಗಲ ರಸ್ತೆಗಳು. ಅದೇ ಊರಿನ ಹಳೆಯ ಭಾಗಕ್ಕೆ ಬಂದರೆ ಮತ್ತೆ ಬಾದಾಮಿಯ ಲೆಕ್ಕವೇ. ಒಂದೇ ಠಾಣೆಯ ಅಧಿಕಾರಿ ಎರಡು ಬಗೆಯ ಊರನ್ನು ತಲೆಯಲ್ಲಿ ಇಟ್ಟುಕೊಂಡಿರಬೇಕು.

ಇಷ್ಟು ಹೊತ್ತು ಹೇಳಿದ್ದು ಒಬ್ಬ ಅಧಿಕಾರಿ, ಒಂದು ಗಾಡಿಯ ಕಥೆ. ಬೆಂಕಿ ದೊಡ್ಡದಾಗಿ ಹತ್ತು ಕಡೆಯಿಂದ ಹತ್ತು ಮಂದಿ ಅಧಿಕಾರಿಗಳು ಬಂದರೆ? ಅಲ್ಲಿ ಯಾರ ಮಾತು ನಡೆಯಬೇಕು? ಈ ಸಪ್ತಾಹ ಏಪ್ರಿಲ್ 14ಕ್ಕೇ ಯಾಕೆ ಆರಂಭವಾಗುತ್ತದೆ ಎಂಬುದರಲ್ಲೇ ಇದಕ್ಕೆ ಉತ್ತರವಿದೆ.

1944ರ ಏಪ್ರಿಲ್ 14. ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ ಮತ್ತು ಮದ್ದುಗುಂಡು. ಜೊತೆಗೆ ಕರಾಚಿಯಲ್ಲಿ ತುಂಬಿದ ಸಾವಿರಾರು ಹತ್ತಿ ಬೇಲುಗಳು. ಮಧ್ಯಾಹ್ನ ಹತ್ತಿಯಿದ್ದ ಒಳಗೋದಾಮಿನಿಂದ ಹೊಗೆ ಬಂತು. ಅಗ್ನಿಶಾಮಕರು ಬಂದರು, ಹೋಸ್‌ಗಳನ್ನು ಇಳಿಬಿಟ್ಟರು, 900 ಟನ್ನಿಗೂ ಹೆಚ್ಚು ನೀರು ಸುರಿದರು. ಹತ್ತಿಯ ಬೆಂಕಿ ಎಲ್ಲಿ ಅಡಗಿ ಕೂತಿದೆ ಎಂಬುದೇ ತಿಳಿಯಲಿಲ್ಲ. ದಡದ ಮೇಲೆ ಹಡಗಿನ ಕ್ಯಾಪ್ಟನ್ ಇದ್ದರು, ಬಂದರಿನ ಅಧಿಕಾರಿಗಳು ಇದ್ದರು, ಸೇನೆಯ ಮದ್ದುಗುಂಡು ತಜ್ಞರು ಇದ್ದರು, ಅಗ್ನಿಶಾಮಕ ದಳದ ಮುಖ್ಯಸ್ಥರು ಇದ್ದರು. ಹಡಗನ್ನು ಅಲ್ಲೇ ಮುಳುಗಿಸಿಬಿಡಿ ಎಂದು ಒಬ್ಬರು, ಹೊರ ಸಮುದ್ರಕ್ಕೆ ಎಳೆದೊಯ್ಯಿರಿ ಎಂದು ಇನ್ನೊಬ್ಬರು, ನೀರು ಹೊಡೆಯುತ್ತಲೇ ಇರಿ ಎಂದು ಮತ್ತೊಬ್ಬರು. ಪ್ರತಿಯೊಬ್ಬರಿಗೂ ಅವರವರ ವಿಷಯ ಚೆನ್ನಾಗಿ ಗೊತ್ತಿತ್ತು. ಎಲ್ಲರ ಮಾತು ಕೇಳಿ “ಇದೇ ಆಗಲಿ” ಎಂದು ಹೇಳುವ ಒಬ್ಬನು ಮಾತ್ರ ಅಲ್ಲಿರಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಂದು ಸಲ, ಇನ್ನೂ ಜೋರಾಗಿ. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕರು. ಅವರ ನೆನಪಿಗೇ ಈ ದಿನ.

ಅವರ ಧೈರ್ಯವನ್ನು ನಾವು ಪ್ರತಿ ವರ್ಷ ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಆದರೆ ಅಲ್ಲಿ ಕೊರತೆಯಿದ್ದದ್ದು ಧೈರ್ಯವಲ್ಲ. ಸುಮಾರು ಎರಡು ತಾಸು ಹೊತ್ತು ಇತ್ತು. ಜನರನ್ನಾದರೂ ದೂರ ಕಳಿಸಬಹುದಿತ್ತು. ಸ್ಫೋಟಕ ಒಳಗಿರುವ ಸೂಚನೆಯಾಗಿ ಹಡಗಿನ ಮೇಲೆ ಕೆಂಪು ಬಾವುಟವೂ ಇರದ ಕಾರಣ ಸುತ್ತಲಿನವರಿಗೆ ಅಪಾಯದ ಅರಿವೇ ಇರಲಿಲ್ಲ. ತೀರ್ಮಾನ ಯಾರದು ಎಂಬುದು ತೀರ್ಮಾನವಾಗದೆ ಆ ಎರಡು ತಾಸು ಕಳೆದುಹೋಯಿತು.

ಇದೇ ತೊಡಕು 1970ರಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚುಗಳಲ್ಲಿ ಮತ್ತೆ ಎದ್ದಿತು. ಹದಿಮೂರು ದಿನ, 16 ಸಾವು, ಏಳುನೂರಕ್ಕೂ ಹೆಚ್ಚು ಕಟ್ಟಡ ಬೂದಿ. ಹಲವು ದಳಗಳು ಬಂದಿದ್ದವು. ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ, ಒಂದೇ ಸಾಧನಕ್ಕೆ ಒಬ್ಬೊಬ್ಬರದು ಒಂದೊಂದು ಹೆಸರು. ಆಮೇಲೆ ಅಲ್ಲಿಯವರು ಕೂತು ಒಂದು ಕಟ್ಟುಪಾಡು ಮಾಡಿದರು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರ ಜುಲೈನಲ್ಲಿ ನಮ್ಮ ಆಡಳಿತಕ್ಕೆ ಹೊಂದುವಂತೆ ಅದನ್ನು ಮಾರ್ಗಸೂಚಿಯಾಗಿ ಹೊರತಂದಿತು. ಅದರ ಸಾರ ನಾಲ್ಕು ಮಾತಿನಲ್ಲಿ ಹೇಳಬಹುದು. ಸ್ಥಳದಲ್ಲಿ ಇನ್ಸಿಡೆಂಟ್ ಕಮಾಂಡರ್ ಒಬ್ಬನೇ. ಒಬ್ಬನ ಕೆಳಗೆ ನೇರವಾಗಿ ಮೂರರಿಂದ ಏಳು ಮಂದಿ, ಐದಾದರೆ ಒಳ್ಳೆಯದು. ಪ್ರತಿಯೊಬ್ಬನಿಗೂ ಆದೇಶ ಕೊಡುವವನು ಒಬ್ಬನೇ. ಎಲ್ಲರೂ ಆಡುವ ಮಾತು ಎಲ್ಲರಿಗೂ ಅರ್ಥವಾಗುವಂತಿರಬೇಕು, ಗುಪ್ತ ಸಂಕೇತ ಬೇಡ. ಜಿಲ್ಲೆಯ ಮಟ್ಟದಲ್ಲಿ ಒಟ್ಟು ಹೊಣೆ ಜಿಲ್ಲಾಧಿಕಾರಿಯದು. ಬೆಂಕಿಯ ಜಾಗದಲ್ಲಿ ಕಾರ್ಯಾಚರಣೆ ಅಗ್ನಿಶಾಮಕ ಅಧಿಕಾರಿಯದು.

ಇದು ಕಾಗದದ ಮೇಲೆ ಒಣ ಮಾತು. ಬಾದಾಮಿಯ ಬನಶಂಕರಿ ಜಾತ್ರೆಗೆ ತಂದು ನೋಡಿ. ಬನದ ಹುಣ್ಣಿಮೆಗೆ ತೇರು, ಆಮೇಲೆ ವಾರಗಟ್ಟಲೆ ಜನ. ಸಾಲುಸಾಲು ನಾಟಕ ಕಂಪನಿಗಳ ತಗಡಿನ ಥೇಟರುಗಳು, ಬಟ್ಟೆಯ ಪರದೆ, ಕಟ್ಟಿಗೆಯ ರಂಗಮಂಚ, ಎಳೆದ ವೈರುಗಳು. ಮಿರ್ಚಿ ಭಜಿ ಅಂಗಡಿಗಳಲ್ಲಿ ಕುದಿಯುವ ಎಣ್ಣೆ, ಪಕ್ಕದಲ್ಲೇ ಸಿಲಿಂಡರ್. ಇಂಥ ಕಡೆ ಬೆಂಕಿ ಏನು ಮಾಡಬಲ್ಲದೆಂದು ಕರ್ನಾಟಕ ಎರಡು ಸಲ ಕಂಡಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ ಹೊತ್ತಿ 62 ಮಂದಿ ಸತ್ತರು.

ಜಾತ್ರೆಯಲ್ಲಿ ಒಂದು ಥೇಟರಿಗೆ ಬೆಂಕಿ ಎಂದರೆ ಐದು ನಿಮಿಷದಲ್ಲಿ ಅಲ್ಲಿ ಪೊಲೀಸರು, ಹೆಸ್ಕಾಂನವರು, 108ರ ಆಂಬುಲೆನ್ಸ್, ಪಂಚಾಯಿತಿಯ ನೀರಿನ ಟ್ಯಾಂಕರ್, ಜಾತ್ರಾ ಕಮಿಟಿಯವರು, ನಾಟಕ ಕಂಪನಿಯ ಮಾಲೀಕರು, ಎಲ್ಲ ಸೇರುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬಂದವರು. ಪೊಲೀಸರು ಜನರನ್ನು ಒಂದು ದಿಕ್ಕಿಗೆ ಓಡಿಸುತ್ತಾರೆ, ಅದೇ ದಿಕ್ಕಿನಿಂದ ನಮ್ಮ ಎರಡನೆಯ ಗಾಡಿ ಬರುತ್ತಿರುತ್ತದೆ. ವಿದ್ಯುತ್ ತೆಗೆದರೇ ಇಲ್ಲವೇ ಎಂದು ತಿಳಿಯದೆ ಹುಡುಗ ನೀರು ಹೊಡೆಯುತ್ತಾನೆ. ಆಗ ಬೇಕಾದದ್ದು ಗೊತ್ತುಮಾಡಿದ ಒಂದು ಜಾಗ. ಗಾಳಿಯ ಬೆನ್ನಿಗೆ, ಎರಡು ಕಡೆಯಾದರೂ ಕಾಣುವ ಕಡೆ, ಅಧಿಕಾರಿ ನಿಂತ ಜಾಗ. ಪೊಲೀಸ್ ಇನ್‌ಸ್ಪೆಕ್ಟರ್, ಹೆಸ್ಕಾಂ ಎಂಜಿನಿಯರ್, ಆಂಬುಲೆನ್ಸ್‌ನವರು, ಕಮಿಟಿಯವರು, ಒಬ್ಬೊಬ್ಬರು ಬಂದು ಅವನ ಪಕ್ಕ ನಿಲ್ಲಬೇಕು. ಅವನು ತಿರುಗಿದರೆ ಸಾಕು, ಬೇಕಾದವರು ಕೈಗೆ ಸಿಗಬೇಕು. ಅವನೂ ಆ ಜಾಗ ಬಿಟ್ಟು ಓಡಾಡಬಾರದು. ಬೆಂಕಿಯ ಸ್ಥಳದಲ್ಲಿ ಜನರನ್ನು ಸರಿಸಲು, ದಾರಿ ಮುಚ್ಚಲು, ಬಾಗಿಲು ಒಡೆಯಲು, ಸಮೀಪದ ನೀರು ಬಳಸಲು ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ, 1964 ಅವನಿಗೆ ಅಧಿಕಾರ ಕೊಟ್ಟಿದೆ. ಅಧಿಕಾರ ಇದ್ದರೆ ಸಾಲದು, ಅದು ಯಾರ ಕೈಯಲ್ಲಿದೆ ಎಂದು ಉಳಿದವರಿಗೆ ಕಾಣಬೇಕು.

ಹಿರಿಯ ಅಧಿಕಾರಿ ಬಂದಾಗ ಇನ್ನೊಂದು ಎಡವಟ್ಟು ಆಗುತ್ತದೆ. ಜಿಲ್ಲಾ ಕೇಂದ್ರದಿಂದ ಸಾಹೇಬರು ಬಂದರು ಎಂದ ಕೂಡಲೇ ಕಿರಿಯನು ಸೆಲ್ಯೂಟ್ ಹೊಡೆದು ಸುಮ್ಮನಾಗುತ್ತಾನೆ. ಸಾಹೇಬರಿಗೆ ಇನ್ನೂ ಪರಿಸ್ಥಿತಿ ತಿಳಿದಿಲ್ಲ, ಕಿರಿಯನು ಇನ್ನು ಆದೇಶ ಕೊಡುವುದಿಲ್ಲ. ಆ ನಾಲ್ಕೈದು ನಿಮಿಷ ಬೆಂಕಿಗೆ ಯಜಮಾನರೇ ಇಲ್ಲ. ಸರಿಯಾದ ಪದ್ಧತಿ ಹೀಗೆ: ಕಿರಿಯನು ಇದ್ದ ಸ್ಥಿತಿ ಹೇಳಬೇಕು. ಒಳಗೆ ಎಷ್ಟು ಮಂದಿ, ಎಷ್ಟು ನೀರು, ಏನು ಮಾಡಿದ್ದೇವೆ, ಏನು ಉಳಿದಿದೆ. ಹಿರಿಯರು “ಇನ್ನು ನಾನು ನೋಡಿಕೊಳ್ಳುತ್ತೇನೆ” ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನು ವಾಕಿಟಾಕಿಯಲ್ಲಿ ಎಲ್ಲರಿಗೂ ಕೇಳಿಸಬೇಕು. ಕಿರಿಯನು ಚೆನ್ನಾಗಿಯೇ ನಡೆಸುತ್ತಿದ್ದರೆ ಅವನಿಗೇ ಬಿಟ್ಟು ಪಕ್ಕದಲ್ಲಿ ನಿಲ್ಲುವುದೂ ಹಿರಿಯರ ಲಕ್ಷಣವೇ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಒಳಗೆ ಯಾರನ್ನು ಕಳಿಸಬೇಕು, ಯಾವಾಗ ನಿಲ್ಲಿಸಬೇಕು.

ಹೊಗೆಯೊಳಗೆ ಹೋಗುವವನು ಬಿ.ಎ. ಸೆಟ್ ಎಂಬ ಉಸಿರಾಟದ ಉಪಕರಣ ತೊಟ್ಟು ಹೋಗುತ್ತಾನೆ. ಆರು ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿ ಎಂದರೆ 1,800 ಲೀಟರ್. ನಿಮಿಷಕ್ಕೆ 40 ಲೀಟರ್ ಎಂದು ಹಿಡಿದರೆ 45 ನಿಮಿಷ. ಆದರೆ ಮೆಟ್ಟಿಲು ಹತ್ತುವವನು, ಭಾರ ಎಳೆಯುವವನು, ಹೆದರಿದವನು ಅದಕ್ಕಿಂತ ಬೇಗ ಉಸಿರು ಎಳೆಯುತ್ತಾನೆ. ಸುಮಾರು 55 ಬಾರ್‌ಗೆ ಇಳಿದಾಗ ಸೀಟಿ ಊದುತ್ತದೆ. ಉಳಿದಿರುವುದು ಏಳೆಂಟು ನಿಮಿಷ. ಸೀಟಿ ಕೇಳಿದ ಮೇಲೆ ಹಿಂದಿರುಗುತ್ತೇನೆ ಎಂದುಕೊಂಡವನು ತಡ ಮಾಡಿದಂತೆಯೇ. ಸೀಟಿ ಊದುವ ಹೊತ್ತಿಗೆ ಅವನು ಬಾಗಿಲಲ್ಲಿ ಇರಬೇಕು. ಅದಕ್ಕಾಗಿ ಬಾಗಿಲಲ್ಲೇ ಒಬ್ಬ ನಿಂತು ಹೆಸರು, ಹೋದ ಹೊತ್ತು, ಸಿಲಿಂಡರಿನ ಒತ್ತಡ, ಎಲ್ಲಿಗೆ ಹೋದ ಎಂಬುದನ್ನು ಹಲಗೆಯ ಮೇಲೆ ಬರೆಯುತ್ತಾನೆ. ನಮ್ಮ ಠಾಣೆಗಳಲ್ಲಿ ಜನ ಕಡಿಮೆ, ಈ ಬರೆಯುವವನನ್ನೂ ಹೋಸ್ ಎಳೆಯಲು ಕರೆದುಬಿಡುವ ಆಸೆ ಆಗುತ್ತದೆ. ಹಾಗೆ ಕರೆದರೆ ಒಳಗಿನವನು ಹೊರಗೆ ಬಂದನೋ ಇಲ್ಲವೋ ಎಂದು ಹೇಳುವವರೇ ಇರುವುದಿಲ್ಲ.

ಬೆಂಕಿ ಇದ್ದ ಕಡೆಯೇ ಅಪಾಯ ಇರುತ್ತದೆ ಎಂದೇನೂ ಇಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್ ಹಾದುಹೋಗುವ ಕೊಳವೆಯಲ್ಲಿ ಬೆಂಕಿ ಕಾಣಿಸಿತು. ಬೆಂಕಿ ಚಿಕ್ಕದು. ಹೊಗೆ ಮಾತ್ರ ಆ ಕೊಳವೆಯೇ ದಾರಿಯಾಗಿ ಮೇಲಿನ ಮಹಡಿಗಳನ್ನು ತುಂಬಿತು. ಸತ್ತ ಒಂಬತ್ತು ಮಂದಿಯಲ್ಲಿ ಉಸಿರು ಕಟ್ಟಿದವರು, ಕಿಟಕಿಯಿಂದ ಹಾರಿದವರು ಇದ್ದರು. ಬಾಗಲಕೋಟೆಯಲ್ಲೂ ಈಗ ಬಹುಮಹಡಿ ಆಸ್ಪತ್ರೆ, ಲಾಡ್ಜ್, ಕಾಂಪ್ಲೆಕ್ಸ್‌ಗಳು ಎದ್ದಿವೆ. ಅಧಿಕಾರಿ ಕೆಳಗಿನ ಜ್ವಾಲೆಯನ್ನು ನೋಡಿದಷ್ಟೇ ಕಣ್ಣಿಟ್ಟು ಮೇಲಿನ ಕಿಟಕಿಗಳನ್ನೂ ನೋಡಬೇಕು. ಬೆಂಕಿಗೆ ಒಂದು ತಂಡ, ಮೇಲಿನ ಮಹಡಿಗೆ ಇನ್ನೊಂದು ತಂಡ, ಎರಡನ್ನೂ ಒಟ್ಟಿಗೇ ಕಳಿಸಬೇಕು.

“ಹೋಗಬೇಡಿ” ಎನ್ನುವ ಧೈರ್ಯಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ಅಮೆರಿಕದ ವುಸ್ಟರ್ ನಗರದ್ದು. 1999ರ ಡಿಸೆಂಬರ್ 3ರ ಸಂಜೆ, ಕಿಟಕಿಗಳೇ ಇಲ್ಲದಂಥ ಪಾಳುಬಿದ್ದ ಹಳೆಯ ಶೈತ್ಯಾಗಾರಕ್ಕೆ ಬೆಂಕಿ ಬಿತ್ತು. ಮನೆಯಿಲ್ಲದ ಇಬ್ಬರು ಒಳಗಿರಬಹುದು ಎಂಬ ಸುದ್ದಿ ಬಂತು. ಹುಡುಕಲು ಹೋದ ಇಬ್ಬರು ಅಗ್ನಿಶಾಮಕರು ಹೊಗೆಯಲ್ಲಿ ದಾರಿ ತಪ್ಪಿದರು. ಅವರನ್ನು ಹುಡುಕಲು ಹೋದವರಲ್ಲಿ ಇನ್ನೂ ನಾಲ್ವರು ಮರಳಲಿಲ್ಲ. ಹೊರಗೆ ಇನ್ನಷ್ಟು ಮಂದಿ ತಮ್ಮ ಜೊತೆಗಾರರಿಗಾಗಿ ನುಗ್ಗಲು ಸಿದ್ಧರಾಗಿದ್ದರು. ಮೈಕೇಲ್ ಮ್ಯಾಕ್‌ನಮೀ ಎಂಬ ಜಿಲ್ಲಾ ಅಗ್ನಿಶಾಮಕ ಅಧಿಕಾರಿ ಬಾಗಿಲಿಗೆ ಅಡ್ಡ ನಿಂತು ಇನ್ನು ಯಾರೂ ಹೋಗಕೂಡದು ಎಂದರು. ಆ ಆರು ಮಂದಿಯೂ ಸತ್ತರು. ಯಾರಿಗಾಗಿ ಹುಡುಕಾಟ ಶುರುವಾಯಿತೋ ಆ ಇಬ್ಬರು ಮೊದಲೇ ಹೊರಗೆ ಹೋಗಿಬಿಟ್ಟಿದ್ದರು. ತನ್ನವರೇ ಒಳಗಿರುವಾಗ ಬಾಗಿಲು ಮುಚ್ಚುವ ಆ ತೀರ್ಮಾನವನ್ನು ಬ್ರಾಂಚ್ ಹಿಡಿದು ಬೆಂಕಿಯ ಜೊತೆ ಗುದ್ದಾಡುತ್ತಿದ್ದವನು ಮಾಡಲಾರ. ಹೊರಗೆ ನಿಂತು, ಎಷ್ಟು ಮಂದಿ ಹೋದರು, ಎಷ್ಟು ಗಾಳಿ ಉಳಿದಿದೆ, ಕಟ್ಟಡ ಎಷ್ಟು ಹೊತ್ತು ತಾಳೀತು ಎಂದು ಎಣಿಸುತ್ತಿದ್ದವನಷ್ಟೇ ಮಾಡಬಲ್ಲ.

ನಮ್ಮಲ್ಲಿ ಇಂಥ ತೀರ್ಮಾನ ಹೆಚ್ಚಾಗಿ ಬೇಕಾಗುವುದು ಹೆದ್ದಾರಿಯಲ್ಲಿ. ವಿಜಯಪುರದಿಂದ ಹುನಗುಂದ, ಇಳಕಲ್ ಮೇಲೆ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹಗಲೂ ರಾತ್ರಿ ಲಾರಿ, ಟ್ಯಾಂಕರ್‌ಗಳು ಓಡುತ್ತವೆ. ಅನಿಲದ ಟ್ಯಾಂಕರ್ ಉರುಳಿದರೆ ಜನ ನೋಡಲು ಓಡಿ ಬರುತ್ತಾರೆ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಹೀಗೆ ಟ್ಯಾಂಕರ್ ಉರುಳಿ ಅನಿಲ ಹೊತ್ತಿಕೊಂಡಾಗ ರಸ್ತೆ ಪಕ್ಕದ ಮನೆಗಳವರೂ ಪ್ರಾಣ ಕಳೆದುಕೊಂಡರು. ಇಂಥಲ್ಲಿ ಅಧಿಕಾರಿಯ ಮೊದಲ ಆದೇಶ ಗಾಡಿಯನ್ನು ದೂರ, ಗಾಳಿಯ ಬೆನ್ನಿಗೆ, ಎತ್ತರದ ಕಡೆ ನಿಲ್ಲಿಸುವುದು. ಎರಡನೆಯದು ಎರಡೂ ಕಡೆ ರಸ್ತೆ ಬಂದ್ ಮಾಡಿಸಿ ಮನೆಗಳಲ್ಲಿ ಒಲೆ ಆರಿಸಲು ಹೇಳುವುದು. ನೀರು ಆಮೇಲೆ. ಅದೂ ಉರಿಯನ್ನು ನಂದಿಸಲಿಕ್ಕಲ್ಲ, ಟ್ಯಾಂಕಿನ ಮೈ ತಂಪಾಗಿಡಲಿಕ್ಕೆ. ಸೋರುವ ಅನಿಲದ ಉರಿಯನ್ನು ನಂದಿಸಿ ಸೋರಿಕೆ ಬಿಟ್ಟರೆ, ಅದು ಹರಡಿ ಇನ್ನೊಂದು ಕಡೆ ದೊಡ್ಡದಾಗಿ ಹೊತ್ತಿಕೊಳ್ಳುತ್ತದೆ. ಮೈ ಕಾದ ಟ್ಯಾಂಕಿಗೆ ಹಾಕಲು ಬೇಕಾದಷ್ಟು ನೀರು ಇಲ್ಲವೆಂದರೆ ನಮ್ಮವರನ್ನೂ ಕರೆದುಕೊಂಡು ಹಿಂದೆ ಸರಿಯುವುದೇ ಸರಿ.

ಬೆಂಕಿ ಆರಿದ ಮೇಲೂ ಅವನ ಕೆಲಸ ಮುಗಿಯುವುದಿಲ್ಲ. ನೂಲಿನ ಪೆಂಡಿ, ಹತ್ತಿ, ಕಣಕಿ ಇವು ಹೊರಗೆ ತಣ್ಣಗಾದಂತೆ ಕಂಡು ಒಳಗೆ ತಾಸುಗಟ್ಟಲೆ ಕಿಡಿ ಕಾಪಿಟ್ಟುಕೊಳ್ಳುತ್ತವೆ. ಒಂದೊಂದನ್ನೂ ಬಿಚ್ಚಿ, ಕೈ ಇಟ್ಟು ನೋಡಿ, ಹೊರಗೆ ಬಯಲಲ್ಲಿ ಹಾಕಿಸದೆ ಹೊರಟರೆ ಬೆಳಗಿನ ಜಾವ ಅದೇ ಮನೆಯಿಂದ ಮತ್ತೆ ಕರೆ ಬರುತ್ತದೆ. ಠಾಣೆಗೆ ಮರಳಿದ ಮೇಲೆ ಚಾಲಕನಿಂದ ಹಿಡಿದು ಎಲ್ಲರನ್ನೂ ಕೂರಿಸಿ, ಎಲ್ಲಿ ತಡವಾಯಿತು, ಯಾವ ಆದೇಶ ಯಾರಿಗೆ ಕೇಳಲಿಲ್ಲ ಎಂದು ಮಾತಾಡಬೇಕು. ಬೈಯಲಿಕ್ಕೆ ಅಲ್ಲ. ಮುಂದಿನ ಸಲ ಅದೇ ಗಲ್ಲಿಗೆ ಹೋಗುವವರು ಇವರೇ.

ಕೊನೆಗೆ ಕೇಳುಗರಿಗೆ ಎರಡು ಮಾತು. 101ಕ್ಕೋ 112ಕ್ಕೋ ಕರೆ ಮಾಡಿದಾಗ “ಬೇಗ ಬರ್ರಿ” ಎಂದು ಫೋನ್ ಇಡಬೇಡಿ. ಊರು, ಓಣಿ, ಗುರುತಿನ ಗುಡಿ ಅಥವಾ ಅಂಗಡಿ, ಏನು ಸುಡುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ, ದೊಡ್ಡ ಗಾಡಿ ಯಾವ ಕಡೆಯಿಂದ ಬರಬೇಕು, ಇಷ್ಟು ಹೇಳಿ. ಗಾಡಿ ಬರುವ ಹೊತ್ತಿಗೆ ಗಲ್ಲಿಯ ಬೈಕ್‌ಗಳನ್ನು ಸರಿಸಿ, ಮೂಲೆಯಲ್ಲಿ ಒಬ್ಬರು ನಿಂತು ದಾರಿ ತೋರಿಸಿ. ಗಾಡಿ ಬಂದ ಮೇಲೆ ಕೂಗುವವರು ಹತ್ತು ಮಂದಿ ಇರಲಿ, ಅಧಿಕಾರಿಗೆ ಹೇಳುವವರು ಮನೆಯವರೇ ಒಬ್ಬರಿರಲಿ. ಅಜ್ಜಿ ಮಲಗುವ ಕೋಣೆ ಯಾವುದು, ಸಿಲಿಂಡರ್ ಎಷ್ಟಿವೆ, ಎಲ್ಲಿವೆ, ಮಗ್ಗದ ಕುಣಿ ಯಾವ ಬದಿಗಿದೆ, ಮೀಟರ್ ಬೋರ್ಡ್ ಎಲ್ಲಿ, ಹಿಂದಿನ ಬಾಗಿಲು ಇದೆಯೇ. ಈ ಆರು ಮಾತು ಅವನಿಗೆ ಸಿಕ್ಕರೆ, ಅವನ ತೀರ್ಮಾನ ಅಷ್ಟು ಬೇಗ ಆಗುತ್ತದೆ. ತೀರ್ಮಾನ ಬೇಗ ಆದಷ್ಟೂ ನೀರು ಸರಿಯಾದ ಕಡೆ ಬೀಳುತ್ತದೆ.